ಮುಚ್ಚಳ ತೆಗೆಯದ ಪಾತ್ರೆ

ರೋಮ್‌ನಲ್ಲಿ ರೈಲು ಬದಲಾಯಿಸಿದಾಗಿನಿಂದ ವೆನೆರಾ ಕಿಟಕಿ ಬಿಟ್ಟು ಕದಲಿರಲಿಲ್ಲ. ನೇಪಲ್ಸ್ ಬಂತು, ಸಲೆರ್ನೊ ಬಂತು. ಅಲ್ಲಿಂದಾಚೆ ಸುರಂಗಗಳ ನಡುನಡುವೆ ಸಮುದ್ರ ತುಂಡುತುಂಡಾಗಿ ಕಾಣತೊಡಗಿತು. ಎದುರಿಗೆ ಕೂತ ಸೊಸೆ ಒರ್ನೆಲ್ಲಾ ಸಮುದ್ರಕ್ಕಿಂತ ಹೆಚ್ಚಾಗಿ ಅತ್ತೆಯನ್ನೇ ನೋಡುತ್ತಿದ್ದಳು. ಅತ್ತೆಯ ತುಟಿ ಅಲುಗುತ್ತಿತ್ತು. ಜಪವಲ್ಲ, ಯಾರ ಜೊತೆಗೋ ವಾದ.

ಒರ್ನೆಲ್ಲಾಳ ಗಂಡ ಕೋರಾದೊ ತೀರಿಕೊಂಡು ವರ್ಷವಾಗಿತ್ತು. ಆ ವರ್ಷವೆಲ್ಲ ಒರ್ನೆಲ್ಲಾ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಬೊಲೊನ್ಯಾದ ಮನೆಯಲ್ಲಿ ಅತ್ತೆ ಸೊಸೆ ಒಂದೇ ಮೇಜಿನಲ್ಲಿ ಉಂಡು, ಬೇರೆ ಬೇರೆ ಕೋಣೆಗಳಲ್ಲಿ ಎಚ್ಚರವಾಗಿರುತ್ತಿದ್ದರು. ಈಗ ಪಾಲೆರ್ಮೊದಲ್ಲಿದ್ದ ವೆನೆರಾರ ಮಗಳು ಕ್ಲೆಲಿಯಾ ತಾಯಿಗೆ ಕೋಣೆ ಸಿದ್ಧಮಾಡಿದ್ದಳು. ಅತ್ತೆಯನ್ನು ಅಲ್ಲಿಗೆ ತಲುಪಿಸಿ ಹಿಂತಿರುಗುವುದಷ್ಟೇ ಒರ್ನೆಲ್ಲಾಳ ಕೆಲಸ.

ಭೂಮಿ ಮುಗಿದಲ್ಲಿ, ಆಚೆಯ ದ್ವೀಪಕ್ಕೆ ದಾಟಿಸಲು ರೈಲನ್ನು ತುಂಡು ಮಾಡಿ, ಹಡಗಿನ ಹೊಟ್ಟೆಯೊಳಗೆ ಅಕ್ಕಪಕ್ಕದ ಹಳಿಗಳ ಮೇಲೆ ತಳ್ಳಿದರು. ಆಚೆ ದಡದ ಮೆಸ್ಸೀನಾದಲ್ಲಿ ಒಂದು ತುಂಡು ಪಾಲೆರ್ಮೊದ ದಾರಿ ಹಿಡಿಯುತ್ತದೆ, ಇನ್ನೊಂದು ಸಿರಾಕೂಸಾದ ದಾರಿ. ಜನ ಬೋಗಿ ಬಿಟ್ಟು ಮೆಟ್ಟಿಲು ಹತ್ತಿದರು. ಮೇಲೆ ಕರಿದ ಅನ್ನದುಂಡೆಗೆ ಸಾಲು ನಿಂತಿತ್ತು. ವೆನೆರಾ ತಮ್ಮ ಚೀಲವನ್ನೂ ಹೊತ್ತು ಹತ್ತಿದರು.

“ಚೀಲ ಯಾಕತ್ತೆ?”

“ಕಳ್ಳರಿರ್ತಾರೆ ಕಣೇ.”

“ಕದ್ದು ಎಲ್ಲಿಗೆ ಓಡ್ತಾರೆ, ಸುತ್ತ ನೀರು.”

“ನಿಮ್ಮ ಬೊಲೊನ್ಯಾದ ಕಳ್ಳರಿಗೆ ಈಜು ಬರಲ್ಲ. ನಮ್ಮೋರಿಗೆ ಬರತ್ತೆ.”

ಹಡಗು ದಡ ಸಮೀಪಿಸಿತು. ಕೆಳಗಿಳಿದ ವೆನೆರಾ ತಮ್ಮ ಬೋಗಿಯ ಮುಂದೆ ಹಾದು, ಪಕ್ಕದ ಹಳಿಯ ಬೋಗಿಗೆ ಕಾಲಿಟ್ಟರು. ಬಾಗಿಲಲ್ಲಿದ್ದ ರೈಲಿನವನು ತಡೆದ.

“ಅಮ್ಮಾ, ಇದು ಸಿರಾಕೂಸಾಕ್ಕೆ ಹೋಗೋದು.”

“ಗೊತ್ತಪ್ಪಾ. ನಾನು ಹುಟ್ಟಿದ್ದು ಅಲ್ಲೇ. ನೀನು ಹುಟ್ಟೋಕೆ ಮುಂಚೆ.”

ಒರ್ನೆಲ್ಲಾ ಹಿಂದೆಯೇ ಹತ್ತಿದಳು. ಅತ್ತೆ ಆಗಲೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಕ್ಲೆಲಿಯಾ ಕಾಯ್ತಿದಾಳೆ ಅತ್ತೆ.”

“ಫೋನ್ ಮಾಡು. ಮುದುಕಿ ಬೋಗಿ ತಪ್ಪಿದಾಳೆ ಅಂತ ಹೇಳು. ನಾನು ಮಾಡಿದ್ರೆ ಬೈತಾಳೆ.”

“ಸಿರಾಕೂಸಾದಲ್ಲಿ ಯಾರಿದಾರೆ?”

“ನಮ್ಮಕ್ಕ ಯಾನಾ. ಅವಳಿಗೆ ಎಂಬತ್ತಾಯ್ತು. ಒಂದು ಸಲ ಪಾಲೆರ್ಮೊ ಸೇರಿದ್ರೆ ಮುಗೀತು, ಕ್ಲೆಲಿಯಾ ನನ್ನ ಹೊಸ್ತಿಲು ದಾಟಿಸಲ್ಲ. ಆಮೇಲೆ ನಾವಿಬ್ರೂ ನೋಡ್ಕೊಳ್ಳೋದು, ಒಬ್ಬಳು ಪೆಟ್ಟಿಗೇಲಿ ಮಲಗಿದಾಗಲೇ.”

“ಅವರು ನಿಮ್ಮ ಫೋನ್ ತೆಗೆಯಲ್ವಲ್ಲ. ಯಾಕೆ?”

ವೆನೆರಾ ಕಿಟಕಿಯತ್ತ ತಿರುಗಿದರು. ವರ್ಷದಿಂದ ಅಕ್ಕನ ಮಾತು ಬಂದಾಗಲೆಲ್ಲ ಹೀಗೇ. ಇಷ್ಟು ದಿನ ಒರ್ನೆಲ್ಲಾ ಅದನ್ನು ಅಲ್ಲಿಗೇ ಬಿಡುತ್ತಿದ್ದಳು. ಇವತ್ತು ಬಿಡಲಿಲ್ಲ.

“ಹೇಳಿ ಅತ್ತೆ. ನಂಗೆ ಗೊತ್ತಾಗಬೇಕು.”

“ಕೋರಾದೊನ ಮಣ್ಣು ಮಾಡಿ ಬಂದ ದಿನ ಅವಳು ಬಾಗಿಲಿಗೆ ಬಂದಿದ್ಲಲ್ಲ, ಬಟ್ಟೆ ಸುತ್ತಿದ ಪಾತ್ರೆ ಹಿಡ್ಕೊಂಡು. ನೀನು ಏನಂದೆ?”

ಒರ್ನೆಲ್ಲಾ ನೆನಪಿಸಿಕೊಂಡಳು. “ಇಷ್ಟು ದೂರ ಹೊತ್ಕೊಂಡು ಬಂದ್ರಾ ಅಂದೆ. ತೊಂದರೆ ತಗೋಬೇಡಿ, ನಾನೇ ಅಡುಗೆ ಮಾಡಿದೀನಿ, ಎಲ್ಲರದ್ದೂ ಊಟ ಆಯ್ತು ಅಂದೆ.”

“ಸಾವಾದ ಮನೇಲಿ ನಾವು ಒಲೆ ಹಚ್ಚಲ್ಲ ಕಣೇ. ನೆಂಟರು ತಂದದ್ದನ್ನೇ ಉಣ್ಣಬೇಕು. ಅವಳು ರಾತ್ರಿಯೆಲ್ಲ ಬೇಯಿಸಿ, ಹಡಗಲ್ಲಿ ಕಡಲು ದಾಟಿ, ರೈಲಿನ ಮೇಲೆ ರೈಲು ಹತ್ತಿ ತಂದಿದ್ಲು. ಅದನ್ನ ಹಾಗೇ ವಾಪಸ್ ಹೊತ್ಕೊಂಡು ಹೋದ್ಲು.”

“ನೀವ್ಯಾಕೆ ಹೇಳ್ಲಿಲ್ಲ?”

“ಯಾರಿಗೆ? ಗಂಡನ್ನ ಮಣ್ಣಿಗಿಟ್ಟು ಬಂದು, ನಿಂತ್ಕೊಂಡೇ ಇಪ್ಪತ್ತು ಜನಕ್ಕೆ ಬೇಯಿಸಿ ಹಾಕಿದೋಳಿಗೆ? ನಾನೂ ಕೂತು ಉಂಡೆ. ಯಾನಾ ಬಾಗಿಲಲ್ಲಿ ನಿಂತು ನನ್ನ ತಟ್ಟೆ ನೋಡಿದ್ಲು. ನೀನು ಬೇರೆ ಕಡೆಯೋಳು, ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ನನ್ನ ಮೇಲೆ.”

ಹಡಗು ದಡಕ್ಕೆ ಬಡಿದು ನಡುಗಿತು. ಹೊರಗೆ ಸರಪಳಿಗಳ ಸದ್ದು.

“ನೀನು ಇಳಿ ತಾಯಿ. ನಿನ್ನ ಸಾಮಾನು ಆ ಬೋಗೀಲಿದೆ. ಅವಳು ಬಾಗಿಲು ತೆಗೀದಿದ್ರೆ ನಾನೇ ನಾಳೆ ಪಾಲೆರ್ಮೊಕ್ಕೆ ಬರ್ತೀನಿ.”

ಒರ್ನೆಲ್ಲಾ ಇಳಿದು ಓಡಿದಳು. ರೈಲಿನವನು ಕೂಗಿಕೊಳ್ಳುತ್ತಿದ್ದಂತೆ ಪೆಟ್ಟಿಗೆ ಎಳೆದುಕೊಂಡು ಮತ್ತೆ ಬಂದು ಅತ್ತೆಯ ಎದುರು ಕೂತಳು. ಏದುಸಿರು.

“ನೀನ್ಯಾಕೆ ಬಂದೆ?”

“ಆ ಪಾತ್ರೇಲಿ ಏನಿತ್ತು?”

ವೆನೆರಾ ಅವಳನ್ನೇ ನೋಡಿದರು. “ನಂಗೂ ಗೊತ್ತಿಲ್ಲ ಕಣೇ. ಮುಚ್ಚಳ ತೆಗೀಲೇ ಇಲ್ವಲ್ಲ ಅವಳು.”

ಸಿರಾಕೂಸಾದವರೆಗೂ ಇಬ್ಬರೂ ಅದನ್ನೇ ಊಹಿಸಿದರು. ಕಡಲೆಯ ಸಾರಿರಬಹುದು ಎಂದು ಒರ್ನೆಲ್ಲಾ. ಇಪ್ಪತ್ತು ಜನಕ್ಕೆ ಕಡಲೆ ತರೋಕೆ ಯಾನಾ ಏನು ಜಿಪುಣಿಯೇ, ಕೋಳಿಯೇ ಇರಬೇಕು ಎಂದು ಅತ್ತೆ. ಕಿಟಕಿಯಾಚೆ ಬೆಂಕಿಬೆಟ್ಟ ಎತ್ನಾ ಬಂದು ಹೋದದ್ದನ್ನು ಇಬ್ಬರೂ ಗಮನಿಸಲಿಲ್ಲ.

ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಯಾನಾರ ಮನೆ ಓಣಿಯೊಂದರ ಮೂರನೇ ಮಹಡಿ. ವೆನೆರಾ ಬಾಲ್ಕನಿಯ ಕೆಳಗೆ, ಮೇಲಿನಿಂದ ಕಾಣದ ಹಾಗೆ ಗೋಡೆಗೆ ಒರಗಿ ನಿಂತರು. ಗಂಟೆ ಒತ್ತಿದ್ದು ಒರ್ನೆಲ್ಲಾ.

ಮೇಲೆ ಬಿಳಿ ತಲೆಯೊಂದು ಇಣುಕಿತು. “ಯಾರು?”

“ಕೋರಾದೊನ ಹೆಂಡತಿ, ದೊಡ್ಡತ್ತೆ.”

ಬಿಳಿ ತಲೆ ಇನ್ನಷ್ಟು ಹೊರಕ್ಕೆ ಬಾಗಿತು.

“ಏನು ಬೇಕಾಗಿತ್ತು?”

“ಅವತ್ತು ನೀವು ತಂದ ಪಾತ್ರೇಲಿ ಏನಿತ್ತು?”

“ಅದನ್ನ ಕೇಳೋಕೆ ಬೊಲೊನ್ಯಾದಿಂದ ಬಂದ್ಯಾ?”

“ಹೌದು.”

“ಹುಚ್ಚು ಹುಡುಗಿ.” ತಲೆ ಒಳಗೆ ಹೋಯಿತು. ವೆನೆರಾ ಕಣ್ಣು ಮುಚ್ಚಿಕೊಂಡರು. ತಲೆ ಮತ್ತೆ ಹೊರಬಂತು. “ಊಟ ಆಗಿದ್ಯೋ?”

“ಇಲ್ಲ. ಹಸಿವಾಗಿದೆ.”

“ಒಬ್ಳೇ ಬಂದ್ಯಾ?”

“ಇಲ್ಲ.”

“ಗೋಡೆಗೆ ಅಂಟ್ಕೊಂಡಿರೋಳದ್ದು ಆಗಿದ್ಯೋ? ಚೀಲ ಕಾಣ್ತಿದೆ ನಂಗೆ.”

ವೆನೆರಾ ಬೆಳಕಿಗೆ ಬಂದು ಕತ್ತೆತ್ತಿದರು. “ನಂದೂ ಆಗಿಲ್ಲ ಅಕ್ಕಾ! ನಿನ್ನೆಯಿಂದ ಉಪವಾಸ!”

“ಸುಳ್ಳಿ!” ಎಂದರು ಯಾನಾ. “ಗಲ್ಲದ ಮೇಲೆ ಅನ್ನದ ಅಗುಳಿದೆ, ಒರೆಸ್ಕೋ.”

ಇಷ್ಟು ಎತ್ತರದಿಂದ ಅಗುಳು ಕಾಣುವ ಹಾಗಿರಲಿಲ್ಲ. ಆದರೂ ಹಡಗಿನಲ್ಲಿ ಅನ್ನದುಂಡೆ ತಿಂದಿದ್ದ ವೆನೆರಾ ಗಲ್ಲ ಒರೆಸಿಕೊಂಡರು. ಹಗ್ಗಕ್ಕೆ ಕಟ್ಟಿದ ಬುಟ್ಟಿಯೊಂದು ತೂಗಾಡುತ್ತ ಕೆಳಗಿಳಿಯಿತು. ಅದರಲ್ಲಿ ಬಾಗಿಲ ಕೀಲಿಕೈ ಇತ್ತು.