‘ಹೋಗ್ಬನ್ನಿ’ ಎನ್ನದ ಬೆಳಗು

“ವ್ಯಾನ್ ನಿಲ್ಸಪ್ಪ!” ಎಂದಳು ತಿಮ್ಮಕ್ಕ. ಸಾರಕ್ಕಿ ಕೆರೆಯ ಗೇಟು ಆಗಲೇ ಹಿಂದಾಗುತ್ತಿತ್ತು.

ಗಂಡ ಚಿನ್ನಪ್ಪನ ಹೆಣದ ಪಕ್ಕ ಕೂತವಳು ಬೆಳಗಿನಿಂದ ಆಡಿದ ಮೊದಲ ಮಾತು ಅದು. ಡ್ರೈವರ್ ನಿಲ್ಲಿಸಿಬಿಟ್ಟ.

“ಅವ್ರ ದೋಣಿ ಇಂಜಿನ್ ಸ್ಟಾರ್ಟ್ ಮಾಡ್ಸಿ. ಅದು ನೀರು ಉಗುಳೋದು ನೋಡ್ದೆ ಅವ್ರು ಹೊರಟೋರಲ್ಲ.”

“ದಾರೀಲಿ ಹೆಣ ಇಟ್ಕೊಂಡು ಇದೇನೇ ಹುಚ್ಚು?” ಎಂದಳು ಸತ್ತವನ ಅಕ್ಕ ಮುನಿವೆಂಕಟಮ್ಮ. ಆದರೆ ಚಿನ್ನಪ್ಪನ ಜೊತೆ ದೋಣಿಯಲ್ಲಿ ಕೆರೆಯ ಕಳೆ ತೆಗೆಯುತ್ತಿದ್ದ ವೆಂಕಟಾಚಲ ಆಗಲೇ ಇಳಿದಿದ್ದ.

*

ಹೆಂಡತಿಯ ಬಿಪಿ ಮಾತ್ರೆ ಮರೆತರೂ ಇಂಜಿನ್ನಿನ ನೀರು ಮರೆಯದ ಮನುಷ್ಯ ಚಿನ್ನಪ್ಪ. ದಿನಾ ಪೆಟ್ರೋಲ್ ಪೈಪು ನೋಡಿ, ತಳದ ಜಾಲರಿಗೆ ಸಿಕ್ಕಿದ ಬೇರು ಕಿತ್ತು, ಹಗ್ಗ ಎಳೆದು, ಇಂಜಿನ್ನನ್ನು ತಂಪಾಗಿಸಿ ಪಕ್ಕದ ತೂತಿನಿಂದ ಚಿಮ್ಮುವ ನೀರಿಗೆ ಅಂಗೈ ಒಡ್ಡುತ್ತಿದ್ದ. ಬೆಚ್ಚಗಾದರೆ ಮಾತ್ರ ಹೊರಡುವುದು.

ನಿನ್ನೆ ಬೆಳಿಗ್ಗೆ ತಿಮ್ಮಕ್ಕ ತುಂಬಿಟ್ಟಿದ್ದ ಡ್ರಮ್ಮಿನಿಂದ ಒಂದು ಕ್ಯಾನ್ ನೀರು ತುಂಬಿಕೊಂಡಿದ್ದ.

“ಮನೇಲಿ ಕುಡಿಯೋಕಿಲ್ಲ, ಇಂಜಿನ್‌ಗೆ ಕಾವೇರಿ ನೀರಾ?”

“ಕೆಸರು ಕಟ್ಟಿದ್ರೆ ಸೀದೋಗ್ತದೆ ಕಣೇ. ಸಂಜೆ ಒಳ್ಳೇ ನೀರಲ್ಲಿ ತೊಳೀಬೇಕು.”

ಅವಳು ಮುಖ ತಿರುಗಿಸಿದಳು. ದಿನವೂ “ಹೋಗ್ಬನ್ನಿ” ಅನ್ನಿಸಿಕೊಂಡೇ ಹೊಸಿಲು ದಾಟುವವನು ತುಸು ಹೊತ್ತು ಕಾದು ನಿಂತ. ಆಮೇಲೆ ಕ್ಯಾನ್ ಎತ್ತಿಕೊಂಡು ಹೋದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಸಂಜೆ ಅವನನ್ನು ಹೊತ್ತು ತಂದರು.

*

ದಡಕ್ಕೆ ಎಳೆದಿದ್ದ ದೋಣಿಯ ಪಕ್ಕ ಆ ಕ್ಯಾನ್ ತುಂಬಿದಂತೆಯೇ ಇತ್ತು.

“ತೊಳೆಯೋಕೆ ಮುಂಚೇನೇ ಕುಸಿದ್ಬಿಟ್ರು ಅಕ್ಕ,” ಎಂದ ವೆಂಕಟಾಚಲ. “ನೀರು ತಗೊಂಡೋಗ್ಬಿಡಿ, ಮನೆಗಾಗುತ್ತೆ.”

“ಬೇಡ. ಅವ್ರು ತಂದಿದ್ದು ಇದಕ್ಕೇ.”

ಅವನು ಇಂಜಿನ್ನಿನ ಕೆಳಗೆ ಟಬ್ ಇಟ್ಟ. ಅವಳೇ ಅದಕ್ಕೆ ಕ್ಯಾನ್ ಬಗ್ಗಿಸಿದಳು. ಹಗ್ಗ ಎಳೆದಾಗ ಇಂಜಿನ್ ಗುಡುಗಿತು, ನೀರು ಮಾತ್ರ ಬರಲಿಲ್ಲ. ವೆಂಕಟಾಚಲ ತಟ್ಟನೆ ನಿಲ್ಲಿಸಿ, ತೂತಿಗೆ ತಂತಿ ತೂರಿ ಕೆಸರು ಕೆದಕಿದ. ಮತ್ತೆ ಎಳೆದ. ಈ ಸಲ ಕೆಂಪು ನೀರು ಸಣ್ಣಗೆ ಚಿಮ್ಮಿತು.

ತಿಮ್ಮಕ್ಕ ಅಂಗೈ ಒಡ್ಡಿ ನಿಂತಳು. ತಣ್ಣಗಿತ್ತು. ವ್ಯಾನಿನವನು ಹಾರನ್ ಹೊಡೆದ. ಅವಳು ಕದಲಲಿಲ್ಲ. ನೀರು ಬೆಚ್ಚಗಾದಾಗ ಅವಳಿಗೆ ಅಳು ಒತ್ತಿ ಬಂತು.

ಒದ್ದೆ ಕೈಯಲ್ಲೇ ವ್ಯಾನಿಗೆ ಬಂದು ಅದನ್ನು ಗಂಡನ ಎದೆಯ ಮೇಲಿಟ್ಟಳು.

“ಸರಿಯಾಗಿದೆ. ಹೋಗ್ಬನ್ನಿ.”

“ಸತ್ತೋರಿಗೆ ಬನ್ನಿ ಅನ್ಬಾರ್ದು ಕಣೇ!” ಮುನಿವೆಂಕಟಮ್ಮ ಗಾಬರಿಯಿಂದ ಅವಳ ಬಾಯಿ ಮುಚ್ಚಲು ಬಂದಳು.

ತಿಮ್ಮಕ್ಕ ಕೈ ತೆಗೆಯಲಿಲ್ಲ. ಬಿಳಿ ಬಟ್ಟೆಯ ಮೇಲೆ ಐದು ಬೆರಳಿನ ಒದ್ದೆ ಹರಡುತ್ತಿತ್ತು; ದಡದಲ್ಲಿ ಇಂಜಿನ್ ಇನ್ನೂ ನೀರು ಉಗುಳುತ್ತಿತ್ತು.