ಎದುರು ದಾಟಿದ ದೋಣಿ

ನನ್ನ ಮಾವನಿಗೆ ಹೇಳುವುದೂ ಒಂದೇ, ಸ್ಕೂಕಮ್ ನದಿಯ ಬಂಡೆಗೆ ಹೇಳುವುದೂ ಒಂದೇ. ಬಂಡೆಯಾದರೂ ತಿರುಗಿ ಮಾತಾಡುವುದಿಲ್ಲ.

ಮಾವ ಎಂದರೆ ಆರ್ಲೋ ಹ್ಯಾಗನ್. ಗಾಳ ಹಾಕುವವರನ್ನು ದೋಣಿಯಲ್ಲಿ ಕೂರಿಸಿಕೊಂಡು ಮೀನಿರುವ ಮಡುಗಳಿಗೆ ಕರೆದೊಯ್ಯುವ ಗೈಡ್‌ಗಳಲ್ಲಿ ಈ ಕಣಿವೆಗೇ ಹಿರಿಯರು. ನಾನೂ ಗೈಡೇ. ಅವರ ಮಗಳು ನೆಟ್ಟಾಳನ್ನು ಮದುವೆಯಾದ ತಪ್ಪಿಗೆ ಅವರ ಪಾಲುದಾರನೂ ಹೌದು. ಮಾವನ ಕಣ್ಣು ಮಂಜಾಗಿತ್ತು, ಎಡ ಭುಜ ಕೈಕೊಟ್ಟಿತ್ತು. ಇನ್ನು ದೋಣಿ ನಡೆಸಬೇಡಿ, ಹುಟ್ಟು ಕೆಳಗಿಡಿ ಎಂದು ಅವರಿಗೆ ಹೇಳುವವರು ಯಾರು ಎನ್ನುವುದೇ ಆ ವರ್ಷವಿಡೀ ನಮ್ಮ ಮನೆಯ ರಗಳೆ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಬೇರೆ ಯಾರಿಗೆ ಬರುತ್ತದೆ, ಅಳಿಯನಿಗೇ ಬಂತು.

ವಸಂತದಲ್ಲಿ ದೊಡ್ಡ ಸಾಲ್ಮನ್ ಮೀನುಗಳು ಕಡಲಿನಿಂದ ನದಿಗೆ ಹತ್ತುವ ಹೊತ್ತಿಗೆ ಮಾವ ದೋಣಿಯ ತಳದ ಬಿರಡೆ ಹಾಕುವುದನ್ನೇ ಮರೆತು ನೀರಿಗಿಳಿಸಿದರು. ಗಿರಾಕಿಗಳ ಊಟದ ಡಬ್ಬಿಗಳು ದೋಣಿಯೊಳಗೇ ತೇಲತೊಡಗಿದಾಗ, "ಈ ದೋಣಿ ಮಾಡಿದವನಿಗೆ ಬುದ್ಧಿ ಇಲ್ಲ" ಅಂದರು. ಬೇಸಿಗೆಯಲ್ಲಿ ಸ್ಟೀಲ್‌ಹೆಡ್ ಮೀನು ಬಂತು, ನೀರು ಇಳಿದಿತ್ತು. ಊರಿಗೆಲ್ಲ ಕಾಣುವ ಬಂಡೆಗೆ ಹೋಗಿ ಗುದ್ದಿದರು. "ಹೋದ ವರ್ಷ ಇದು ಇಲ್ಲಿರ್ಲಿಲ್ಲ ಕಣೋ." ಎಲೆ ಉದುರುವ ಕಾಲಕ್ಕೆ ಬೆಳ್ಳಿ ಸಾಲ್ಮನ್ ಬಂದವು. ಆಗ ದಡ ಸೇರಬೇಕಾದ ಜಾಗವನ್ನೇ ದಾಟಿ ಕೆಳಗೆ ಹೋಗಿ, ಗಿರಾಕಿಗಳನ್ನು ಮಳೆಯಲ್ಲಿ ಕಾಡೊಳಗೆ ನಡೆಸಿಕೊಂಡು ಬಂದರು. ನಾನು ಹಲ್ಲು ಕಚ್ಚಿಕೊಂಡು ಕೇಳಿದರೆ, "ಅಷ್ಟು ದೂರದಿಂದ ಬಂದಿದಾರೆ, ಕಾಡೂ ನೋಡ್ಲಿ" ಎಂಬ ಉತ್ತರ.

ಈಗ ಚಳಿಗಾಲದ ಸ್ಟೀಲ್‌ಹೆಡ್ ಸರದಿ. ಈ ನೀರಿಗೆ ಬಿದ್ದವನು ಬದುಕಿದರೆ ಅವನ ಪುಣ್ಯ. ಒಂದು ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುವ ಮುಂಚೆಯೇ ನೆಟ್ಟಾ ಶುರು ಮಾಡಿದಳು.

"ಇವತ್ತು ಹೇಳ್ತೀಯೋ ಇಲ್ವೋ?"

"ನಿಮ್ಮಪ್ಪ ತಾನೆ? ನೀನೇ ಹೇಳು."

"ನಾನು ಹೇಳಿದ್ರೆ ಅಳ್ತಾರೆ. ನೀನು ಹೇಳಿದ್ರೆ ಬೈತಾರೆ, ಅಷ್ಟೇ. ಬೈಸ್ಕೊಂಡು ಬಾ."

ಹೀಗೆ ನಾನು ಮಾವನ ದೋಣಿ ಹತ್ತಿದೆ. ಅವರು ನಡುವೆ ಹುಟ್ಟು ಹಿಡಿದು ಕೂತಿದ್ದರು. ನಾನು ಮುಂದುಗಡೆ, ಅಂದಿನ ಗಿರಾಕಿಯ ಪಕ್ಕ. ಆಕೆ ವೆರ್ನಾ ಪೀಬಾಡಿ, ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಗಾಳಕ್ಕಿಂತ ಬಾಯಿ ಹೆಚ್ಚು ಓಡುತ್ತಿತ್ತು.

"ನೀನ್ಯಾಕೋ ಬಂದೆ?" ಮಾವ ನನ್ನನ್ನು ಕೇಳಿದರು.

"ಗಾಳ ಕಟ್ಟಿಕೊಡೋಕೆ, ಮಾವ."

"ಯಾಕೆ, ನಂಗೆ ಕೈ ಇಲ್ವಾ?"

"ಇದೆ ಮಾವ. ಆದ್ರೆ..."

"ಆದ್ರೆ ಏನು? ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ?"

ಆ ವರ್ಷದಲ್ಲಿ 'ಆದ್ರೆ'ಯಿಂದ ಮುಂದಕ್ಕೆ ನಾನು ಒಮ್ಮೆಯೂ ಹೋಗಿರಲಿಲ್ಲ. ಅಂದೂ ಹೋಗಲಿಲ್ಲ. ನನ್ನ ಮೇಲೆ ನನಗೇ ರೇಗಿತು.

ತಿರುವು ದಾಟಿದರೆ ಮುಂದಿನ ಮಡುವಿನಲ್ಲಿ ಟೆವಿಸ್‌ನ ದೋಣಿ ಲಂಗರು ಹಾಕಿ ನಿಂತಿತ್ತು. ಟೆವಿಸ್ ಮಾವನ ಕೈಕೆಳಗೆ ಪಳಗಿ ಗೈಡ್ ಆದವನು. ಅವನ ಗಿರಾಕಿಗಳ ಗಾಳಗಳು ಹರಿವಿನ ಜೊತೆ ಕೆಳಗಡೆಗೆ ತೇಲಿ ಹೋಗುತ್ತಿದ್ದವು. ಬಿಸಿಲು ಓರೆಯಾಗಿ ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು.

"ಮಾವ, ಬಲಕ್ಕೆ! ದೋಣಿ ಇದೆ!"

"ಗೊತ್ತು, ಸುಮ್ನಿರು!" ಎಂದವರೇ ಎಡಕ್ಕೆ ಎಳೆದರು. ಟೆವಿಸ್‌ನ ಗಾಳಗಳ ಎದುರಿನಿಂದಲೇ ದಾಟಿ, ಅವು ಹೋಗಿ ಸೇರಬೇಕಾದ ನೀರಿನಲ್ಲೇ ನಮ್ಮ ಲಂಗರು ಧಡಕ್ಕನೆ ಬಿತ್ತು.

ನಮ್ಮ ನದಿಯಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ನಿಂತ ದೋಣಿಯ ಬೆನ್ನ ಹಿಂದಿನಿಂದ, ಹುಟ್ಟು ಎತ್ತಿಕೊಂಡು, ಸದ್ದಿಲ್ಲದೆ ದಾಟಬೇಕು. ಎದುರು ದಾಟಿ ಬಂದು ಇನ್ನೊಬ್ಬನ ಮೀನಿನ ಮೇಲೆ ಕೂತವನ ಏಳು ತಲೆಮಾರನ್ನು ಎಬ್ಬಿಸಿ ಬೈಯುವುದು ಕ್ರಮ. ಹಾಗೆ ಬೈಯುವುದನ್ನು ಟೆವಿಸ್‌ಗೂ ನನಗೂ ಕಲಿಸಿದ್ದೇ ಮಾವ. ಬಾಡಿಗೆ ದೋಣಿಯಲ್ಲಿ ಬರುವ ಪ್ರವಾಸಿಗಳನ್ನು, ಮಕ್ಕಳನ್ನು ಮಾತ್ರ ಯಾರೂ ಬೈಯುವುದಿಲ್ಲ. ಪಾಪ, ಅವರಿಗೇನು ಗೊತ್ತು?

ಟೆವಿಸ್ ಎದ್ದು ನಿಂತ. ನಾನು ಕುತ್ತಿಗೆ ಒಳಗೆಳೆದುಕೊಂಡು ಕಾದೆ. ಅವನು ಬಾಯಿ ತೆರೆದ, ಮಾವನ ಮುಖ ನೋಡಿದ, ಮುಚ್ಚಿದ.

"ಪರವಾಗಿಲ್ಲ ಬಿಡಿ, ಅಜ್ಜ," ಅಂದ. "ನಿಧಾನ. ನಾವು ಕೆಳಗಡೆ ಹೋಗ್ತೀವಿ."

ಹಿಂದಿನ ದಿನದವರೆಗೂ ಅವನು ಮಾವನನ್ನು ಗುರುಗಳೇ ಎನ್ನುತ್ತಿದ್ದ. ಲಂಗರು ಎತ್ತಿಕೊಂಡು, ನಮ್ಮ ಬೆನ್ನ ಹಿಂದಿನಿಂದ, ಸದ್ದಿಲ್ಲದೆ ದಾಟಿ ಹೋಗಿ ಕೆಳಗಿನ ಮಡುವಿನಲ್ಲಿ ನಿಂತ.

ಅಷ್ಟರಲ್ಲಿ ವೆರ್ನಾಳ ಗಾಳದ ಕೋಲು ಬಾಗಿತು. ಆಕೆಯ ಕಿರುಚಾಟ ಏನು ಕೇಳುತ್ತೀರಿ! ಎಳೆದಾಡಿಸಿ ಬಂದದ್ದು ಬೆಳ್ಳಗೆ ಹೊಳೆಯುವ ಸ್ಟೀಲ್‌ಹೆಡ್, ಸಾಕಿ ಬಿಟ್ಟ ಮೀನಿಗೆ ಗುರುತಿಗಾಗಿ ಕತ್ತರಿಸುವ ರೆಕ್ಕೆಯೂ ಇದ್ದ ಕಾಡು ಮೀನು. ಅಂಥದ್ದನ್ನು ನೀರಿನಿಂದ ಎತ್ತಲು ಕಾನೂನು ಬಿಡುವುದಿಲ್ಲ. ಬಲೆಯಲ್ಲೇ ಗಾಳ ಬಿಡಿಸಿ ಬಿಟ್ಟೆ.

"ಎಂಥಾ ಜಾಗಕ್ಕೆ ತಂದ್ರಿ ಯಜಮಾನ್ರೇ!" ವೆರ್ನಾ ಮಾವನ ಮೊಣಕಾಲು ತಟ್ಟಿದಳು.

ಮಾವ ಮೀನಿನ ಕಡೆ ತಿರುಗಿಯೂ ನೋಡಿರಲಿಲ್ಲ. ಕಳ್ಳಮಾಲು ಅದು, ಟೆವಿಸ್‌ಗೆ ಸಿಗಬೇಕಾಗಿದ್ದ ಮೀನು. ಅವರಿಗೂ ಗೊತ್ತು, ನನಗೂ ಗೊತ್ತು.

"ಬೈಯ್ಲಿಲ್ಲ ಅವನು," ಅಂದರು.

"ಇಲ್ಲ, ಮಾವ."

"ನಾನು ಎದುರು ದಾಟಿದೆ. ಬೈಬೇಕಿತ್ತು."

"ಹೌದು, ಮಾವ."

"ಪ್ರವಾಸಿ ಅಂತ ಬಿಟ್ಟ ಹಾಗೆ ಬಿಟ್ಟ ನನ್ನ."

ಹುಟ್ಟು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. 'ಹೋಗ್ಲಿ ಬಿಡಿ ಮಾವ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದ್ದರೆ ನಾನೂ ಅವರನ್ನು ಅಜ್ಜ ಮಾಡಿ ಮೂಲೆಗೆ ಕೂರಿಸಿದಂತಾಗುತ್ತಿತ್ತು. ಎದ್ದು ನಿಂತೆ.

"ಏನ್ರೀ ಮಾವ, ಕಣ್ಣು ಮನೇಲಿ ಬಿಟ್ಟು ಬಂದ್ರಾ? ಬಲಕ್ಕೆ ಅಂತ ಬಾಯಿ ಹರ್ಕೊಂಡೆ, ಕಿವಿಗೇನು ಹತ್ತಿ ಇಟ್ಕೊಂಡಿದ್ರಾ? ದೋಣಿ ಮುಳುಗಿಸಿದ್ರಿ, ಬಂಡೆಗೆ ಗುದ್ದಿದ್ರಿ, ಇವತ್ತು ಆ ಹುಡುಗನ ಅನ್ನಕ್ಕೇ ಕಲ್ಲು ಹಾಕಿದ್ರಿ! ನಾಚಿಕೆ ಆಗಲ್ವಾ? ಇನ್ನೊಂದ್ಸಲ ಈ ಹುಟ್ಟು ಮುಟ್ಟಿದ್ರೆ ನೋಡಿ, ನಿಮ್ಮನ್ನೇ ನೀರಿಗೆ ಹಾಕ್ತೀನಿ!"

ವೆರ್ನಾಳ ಬಾಯಿ ಅಂದು ಮೊದಲ ಸಲ ಮುಚ್ಚಿತು. ಮಾವ ಪ್ರತಿ ಮಾತಿಗೂ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಹುಟ್ಟು ಬಿಟ್ಟು, ದೋಣಿಯ ಅಂಚು ಹಿಡಿದುಕೊಂಡು ಬಂದು ನನ್ನ ಜಾಗದಲ್ಲಿ ಕೂತರು. ನಾನು ಅವರ ಜಾಗಕ್ಕೆ ಹೋದೆ. ಹುಟ್ಟಿನ ಹಿಡಿ ಇನ್ನೂ ಬೆಚ್ಚಗಿತ್ತು. ಬೈಗುಳ ಅಲ್ಲಿಗೇ ನಿಂತುಹೋಯಿತು.

"ನಿಲ್ಲಿಸ್ಬೇಡ್ವೋ," ಅಂದರು ಮಾವ, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಾ. "ಇನ್ನೂ ಗಟ್ಟಿಯಾಗಿ ಬೈ. ಟೆವಿಸ್‌ಗೂ ಕೇಳ್ಲಿ."