ಗ್ಯಾಸ್ ಅಂದವರು

ಬೆವರುತ್ತ ಬಂದಿದ್ದ ಶೆಟಗೇರಿಯ ಜಟ್ಟಪ್ಪನನ್ನು ಅಂಕೋಲೆಯ ಖಾಸಗಿ ಆಸ್ಪತ್ರೆಯೊಂದು ಎರಡು ತಾಸು ಬೆಂಚಿನ ಮೇಲೆ ಕೂರಿಸಿತು. ಅವನ ಟೋಕನ್ ನಲವತ್ತೊಂದು. ಮೂವತ್ತೆಂಟನ್ನು ಕರೆಯುವ ಹೊತ್ತಿಗೆ ಅವನು ಸತ್ತಿದ್ದ.

ಟೋಕನ್ ಕೊಟ್ಟವಳು ನರ್ಸ್ ಭವ್ಯಾ.

ತಿಂಗಳ ನಂತರ ಕಾರವಾರದಿಂದ ಸುಗಂಧಾ ಬಂದರು. ಮೂವತ್ತು ವರ್ಷ ತುರ್ತು ವಿಭಾಗದಲ್ಲಿ ದುಡಿದ ನರ್ಸ್. ಇಲ್ಲಿನ ನರ್ಸುಗಳಿಗೆ ಮೂರು ದಿನದ ತರಬೇತಿ. ರೋಗಿಗಳನ್ನು ಬಂದ ಸಾಲಿನಂತೆ ಅಲ್ಲ, ಜೀವಕ್ಕಿರುವ ಅಪಾಯ ನೋಡಿ ಒಳಗೆ ಕಳಿಸಬೇಕು. ಕೈಗೆ ಕಟ್ಟುವ ಪಟ್ಟಿ ಕೆಂಪಾದರೆ ಈಗಲೇ, ಹಳದಿಯಾದರೆ ತುಸು ತಡೆದು, ಹಸಿರಾದರೆ ಕಾಯಬಹುದು.

“ಮೊದಲ ಪ್ರಶ್ನೆ: ಎದೆನೋವು ಇದೆಯೇ?” ಸುಗಂಧಾ ಹಾಳೆ ನೋಡಿ ಓದಿದರು.

“ಅಕ್ಕೋರೇ, ಅದು ನಮ್ಮಲ್ಲಿ ನಡೂದಿಲ್ಲ,” ಎಂದಳು ಭವ್ಯಾ. “ಎದೆನೋವು ಅಂದ್ರೆ ಮನೆಯವ್ರು ಹೆದರ್ತ್ರು ಅಂತ ಎಲ್ಲಾರೂ ಗ್ಯಾಸ್ ಅಂತ್ರು. ಹೊಟ್ಟೆ ತಣ್ಣಗಾಗ್ಲಿ ಅಂತ ಕೋಕಂ ಪಾನಕ ಕುಡ್ದು, ಅದ್ಕೂ ಬಗ್ಗದಿದ್ರೆ ಇಲ್ಲಿಗೆ ಬತ್ರು. ಜಟ್ಟಪ್ಪಣ್ಣನೂ ಗ್ಯಾಸ್ ಅಂದ. ನಾ ನಂಬ್ದೆ.”

ಸುಗಂಧಾ ಆ ಸಾಲು ಹೊಡೆದುಹಾಕಿ ಪೆನ್ನು ಅವಳ ಮುಂದೆ ಹಿಡಿದರು. “ಹಾಗಾದ್ರೆ ನೀನೇ ಬರಿ ಮಾರಾಯ್ತಿ.”

ಭವ್ಯಾ ಬರೆದಳು: ಮನೆಯಲ್ಲಿ ಏನು ಕುಡಿದು ಬಂದಿರಿ?

“ಗಂಡಸ್ರು ಬೇರೆ ಉತ್ತರ ಕೊಡ್ತ್ರು, ನೋಡು!” ಎಂದಳು ಪಕ್ಕದಲ್ಲಿದ್ದ ನರ್ಸ್ ಪೂರ್ಣಿಮಾ. ಸುಗಂಧಾ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು.

ತರಬೇತಿ ಮುಗಿದ ಎರಡನೇ ಸೋಮವಾರ, ಅವರ್ಸಾದ ಗದ್ದೆ ಕೆಲಸದ ಹೀರಾ ಬಂದು ಹಿಂದಿನ ಬೆಂಚಿನಲ್ಲಿ ಕೂತಳು.

“ಎಲ್ಲಾರೂ ಹೋಗ್ಲಿ ತಂಗಿ. ನಂಗೆ ಬರೀ ಗ್ಯಾಸ್.”

“ಎಂತ ಕುಡ್ಕಂಡ್ ಬಂದ್ರಿ ಅಮ್ಮಾ?”

“ಕೋಕಂ, ಮೂರು ಲೋಟ. ಸೊಸೆ ಮತ್ತೊಂದು ತಂತು. ನನ್ನ ಹೊಟ್ಟೆ ಎಂತ ಕೊಡಪಾನವಾ ಅಂದೆ.”

ಮಾತು ಗಟ್ಟಿಯಿತ್ತು. ಕತ್ತು ಮಾತ್ರ ತಣ್ಣಗೆ ಒದ್ದೆ. ಎಡಗೈಯನ್ನು ಬಲಗೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಭವ್ಯಾ ಕೆಂಪು ಪಟ್ಟಿ ಕಟ್ಟಿ, ತುರ್ತು ಕೋಣೆಯಲ್ಲಿದ್ದ ಒಂದೇ ಹಾಸಿಗೆಯಲ್ಲಿ ಮಲಗಿಸಿ ಇಸಿಜಿ ಯಂತ್ರ ಹಚ್ಚಿದಳು. ಗೆರೆಗಳನ್ನು ನೋಡಿದ ಡಾಕ್ಟರು ಔಷಧಿ ಕೊಟ್ಟು, ಆಂಬುಲೆನ್ಸ್ ಬರುವ ತನಕ ಅಲುಗಿಸಬೇಡಿ ಎಂದು ಹೇಳಿ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಲು ಹೋದರು.

ಅರ್ಧ ತಾಸಿನಲ್ಲಿ ಹೀರಾಳ ಮುಖಕ್ಕೆ ಬಣ್ಣ ಬಂತು.

“ಸಾಯೂದಿಲ್ವಲ್ಲ ನಾನು?”

“ಇವತ್ತಂತೂ ನಾ ಬಿಡೂದಿಲ್ಲ.”

“ಹಾಗಾದ್ರೆ ಒಂದು ಚಾ ಕೊಡು.”

ಭವ್ಯಾ ನಕ್ಕಳು. ತಿಂಗಳ ಮೇಲೆ ಮೊದಲ ಸಲ ಅವಳಿಗೆ ಜಟ್ಟಪ್ಪ ಕೂತಿದ್ದ ಬೆಂಚಿನ ಕಡೆ ನೋಡಲು ಆಯಿತು.

ಆಗಲೇ ಮ್ಯಾನೇಜರ್ ರಾಮನಾಥ ಪರದೆ ಸರಿಸಿದರು. ಹಿಂದೆ ಬೆರಳಿಗೆ ಕರವಸ್ತ್ರ ಸುತ್ತಿಕೊಂಡಿದ್ದ, ಆಸ್ಪತ್ರೆಯ ಮಾಲಕರ ಭಾವ. ಭವ್ಯಾ ಬಿಚ್ಚಿ ನೋಡಿದಳು. ಚರ್ಮ ಮಾತ್ರ ಕೊಯ್ದಿತ್ತು. ಹಸಿರು ಪಟ್ಟಿ ಕಟ್ಟಿದಳು.

“ಇವ್ರು ಹೊರಗೆ ಕೂತ್ರೆ ನನ್ನ ಮರ್ಯಾದೆ ಎಂತ ಆಗ್ತದೆ?” ಎಂದರು ರಾಮನಾಥ. “ಆ ಹೆಂಗಸನ್ನ ಐದು ಮಿನಿಟು ಬೆಂಚಿಗೆ ಕೂರ್ಸು. ನಾಳೆ ನಿಂಗೂ ಕೆಲ್ಸ ಬೇಕಲ್ಲ? ಇಳ್ಸು.”

ಭವ್ಯಾ ಹಾಸಿಗೆಯ ಬದಿಯ ಕಂಬಿಯನ್ನು ಮೇಲೆತ್ತಿ ಚಿಲಕ ಹಾಕಿದಳು.

“ಇಳ್ಸೂದಿಲ್ಲ ಸರ್.”